ಚಿಂದಿಯಾದ ಒಳಂಗಿಯ ಜಾಡು ಹಿಡಿದು

ಮಕ್ಕಳೇ, ನಿಮ್ಮ ಮನೆಯ ನೆಲ ಒರೆಸುವ ಬಟ್ಟೆಯನ್ನು ಎಂದಾದರೂ ಬಿಡಿಸಿ ನೋಡಿದ್ದೀರಾ? ಅದೇನೂ ನೆಲ ಒರೆಸಲೆಂದೇ ಹುಟ್ಟಿದ್ದಲ್ಲ. ಒಂದು ಕಾಲಕ್ಕೆ ಅದು ಅಪ್ಪನ ಬನಿಯನ್ನೋ ಅಮ್ಮನ ಒಳಲಂಗವೋ ಆಗಿತ್ತು. ಒಗೆದು ಒಗೆದು ತೆಳ್ಳಗಾಯಿತು, ಕಂಕುಳಲ್ಲಿ ಹರಿಯಿತು, ಕೊನೆಗೆ ಬಕೆಟ್ಟಿನ ಅಂಚಿಗೆ ಬಂದು ಕೂತಿತು. ಅದೇ ಮನೆಯ ಬೀರುವಿನಲ್ಲಿ ಅಮ್ಮನ ಮದುವೆಯ ರೇಷ್ಮೆ ಸೀರೆ ಮಾತ್ರ ಬಿಳಿ ಪಂಚೆಯಲ್ಲಿ ಸುತ್ತಿಟ್ಟದ್ದು ಸುತ್ತಿಟ್ಟಂತೆಯೇ ಇದೆ.

ಇನ್ನೂರು ವರ್ಷ ಕಳೆದ ಮೇಲೆ ಯಾರೋ ಒಬ್ಬಳು ಹುಡುಗಿ, ನಮ್ಮ ಕಾಲದವರು ದಿನವೂ ಏನು ತೊಡುತ್ತಿದ್ದರು ಎಂದು ತಿಳಿಯಲು ಹೊರಟಳು ಅನ್ನಿ. ಅವಳ ಕೈಗೆ ರೇಷ್ಮೆ ಸೀರೆ ಸಿಗುತ್ತದೆ, ಬನಿಯನ್ನು ಸಿಗುವುದಿಲ್ಲ. ನಾವೆಲ್ಲ ರೇಷ್ಮೆ ಉಟ್ಟುಕೊಂಡೇ ಪಾತ್ರೆ ಬೆಳಗುತ್ತಿದ್ದೆವು ಎಂದು ಅವಳು ಬರೆದಿಟ್ಟರೆ ಅವಳನ್ನು ಬೈಯುವಂತಿಲ್ಲ. ಉಳಿದದ್ದನ್ನು ಮಾತ್ರ ನೋಡಿ ತೀರ್ಮಾನ ಮಾಡಿದರೆ ಹೀಗಾಗುತ್ತದೆ. ಎಚ್ಚರವುಳ್ಳ ವಿಜ್ಞಾನಿಗಳು ಯಾವ ಸಂಗ್ರಹ ನೋಡಿದರೂ ಇದನ್ನು ಕೇಳಿಕೊಳ್ಳುತ್ತಾರೆ: ಇಲ್ಲಿಗೆ ಬಂದು ಸೇರದೆ ಹೋದದ್ದು ಯಾವುದು?

ಸರಿಯಾಗಿ ಇದೇ ತೊಡಕು ಇಂಗ್ಲೆಂಡಿನ ಹಳೆಯ ಉಡುಪುಗಳನ್ನು ಹುಡುಕುವವರಿಗೆ ಎದುರಾಗುತ್ತದೆ. ನಾನು ಹೇಳುತ್ತಿರುವುದು 1800ರಿಂದ 1820ರವರೆಗಿನ ಕಾಲ. ಜೇನ್ ಆಸ್ಟೆನ್ ಎಂಬ ದೊಡ್ಡ ಕಾದಂಬರಿಗಾರ್ತಿ ಬದುಕಿದ್ದ ಕಾಲ ಅದು. ಆಕೆ ಹುಟ್ಟಿದ್ದು 1775ರಲ್ಲಿ, ತೀರಿಕೊಂಡದ್ದು 1817ರಲ್ಲಿ. ಆಗಿನ ಹೆಂಗಸರು ತೊಡುತ್ತಿದ್ದ ಅಂದದ ಬಿಳಿ ನಿಲುವಂಗಿಗಳು ಲಂಡನ್ನಿನ ವಸ್ತುಸಂಗ್ರಹಾಲಯಗಳಲ್ಲಿ ಇವತ್ತಿಗೂ ಇವೆ. ಅವುಗಳ ಒಳಗೆ ತೊಟ್ಟದ್ದು ಉಳಿದಿರುವುದು ಬಲು ಅಪರೂಪ. ಹಾಗಿದ್ದರೂ ಪ್ರಪಂಚದ ಹಲವು ಕಡೆ ಜನ ಆ ಒಳ ಉಡುಪುಗಳನ್ನು ಇಂದು ಮತ್ತೆ ಹೊಲಿಯುತ್ತಿದ್ದಾರೆ, ತೊಟ್ಟು ನೋಡುತ್ತಿದ್ದಾರೆ. ಇಲ್ಲದ ಬಟ್ಟೆಯನ್ನು ಮತ್ತೆ ಮಾಡುವುದು ಹೇಗೆ? ಬನ್ನಿ, ಒಂದು ಕತ್ತರಿ, ಹಳೆಯ ವೃತ್ತಪತ್ರಿಕೆ ಮತ್ತು ಒಂದು ಕರವಸ್ತ್ರ ತೆಗೆದುಕೊಳ್ಳಿ. ನಾವೂ ಹುಡುಕೋಣ.

ಮೊದಲಿಗೆ ಆ ಕಾಲದ ಹೆಣ್ಣುಮಗಳು ಬೆಳಗ್ಗೆ ಎದ್ದು ಏನನ್ನು ಯಾವುದರ ಮೇಲೆ ತೊಡುತ್ತಿದ್ದಳು ಎಂಬ ಕ್ರಮ ತಿಳಿದುಕೊಳ್ಳೋಣ. ಮೈಗೆ ತಾಗಿದಂತೆ ಮೊಣಕಾಲಿನ ಕೆಳಗಿನವರೆಗೆ ಬರುವ ಸಡಿಲವಾದ ಒಂದು ಬಿಳಿ ಅಂಗಿ. ಅದಕ್ಕೆ ಶಿಫ್ಟ್ ಎನ್ನುತ್ತಿದ್ದರು. ಅದರ ಮೇಲೆ ಎದೆಗೆ ಆಸರೆ ಕೊಟ್ಟು ಬೆನ್ನನ್ನು ನೆಟ್ಟಗೆ ಇಡುವ ಗಟ್ಟಿಯಾದ ಕುಪ್ಪಸ, ಅದರ ಹೆಸರು ಸ್ಟೇಸ್. ಅದರ ಮೇಲೆ ಒಳಲಂಗ. ಎಲ್ಲಕ್ಕಿಂತ ಹೊರಗೆ ನಿಲುವಂಗಿ. ಕಾಲಿಗೆ ಹೆಣೆದ ಉದ್ದ ಕಾಲುಚೀಲ, ಅದು ಜಾರದಂತೆ ಮೊಣಕಾಲಿನ ಹತ್ತಿರ ಕಟ್ಟುವ ಪಟ್ಟಿ. ಚಡ್ಡಿಯಂಥದ್ದು ಆಗಷ್ಟೇ ಮೆಲ್ಲಗೆ ಬಳಕೆಗೆ ಬರುತ್ತಿತ್ತು. ಅದರ ಎರಡು ಕಾಲುಗಳೂ ಬೇರೆ ಬೇರೆಯಾಗಿದ್ದು ಸೊಂಟದ ಪಟ್ಟಿಯಲ್ಲಿ ಮಾತ್ರ ಕೂಡಿಕೊಳ್ಳುತ್ತಿದ್ದವು.

ಒಳಲಂಗದಲ್ಲೊಂದು ಸೋಜಿಗವಿದೆ. ಆ ಕಾಲದ ನಿಲುವಂಗಿಯ ಸೊಂಟ ಸೊಂಟದಲ್ಲಿ ಇರಲೇ ಇಲ್ಲ, ಎದೆಯ ಕೆಳಗೇ ಇತ್ತು. ಅಲ್ಲಿ ಲಾಡಿ ಕಟ್ಟಿದರೆ ಲಂಗ ನಿಲ್ಲುವುದಿಲ್ಲ, ಜಾರಿ ಕೆಳಗೆ ಬರುತ್ತದೆ. ಅದಕ್ಕೇ ಲಂಗಕ್ಕೆ ಹೆಗಲ ಪಟ್ಟಿ ಹಾಕಿದರು. ನಮ್ಮ ಪುಟ್ಟ ಹುಡುಗಿಯರ ಪಟ್ಟಿ ಲಂಗವನ್ನೂ ಇಂಥದೇ ಕಾರಣಕ್ಕೆ ಹೀಗೆ ಹೊಲಿಯುತ್ತಾರೆ.

ಈಗ ಶಿಫ್ಟ್ ವಿಷಯ. ನನಗೆ ಈ ಇಡೀ ಕಥೆಯಲ್ಲಿ ಬಹಳ ಇಷ್ಟವಾದದ್ದು ಅದೇ, ಆದ್ದರಿಂದ ಅದರ ಹತ್ತಿರ ಸ್ವಲ್ಪ ಹೊತ್ತು ಕೂರುತ್ತೇನೆ. ಅದನ್ನು ಬಹುಮಟ್ಟಿಗೆ ಲಿನನ್ ಬಟ್ಟೆಯಲ್ಲಿ ಹೊಲಿಯುತ್ತಿದ್ದರು. ಲಿನನ್ ಬರುವುದು ಒಂದು ಗಿಡದಿಂದ. ಯಾವ ಗಿಡ ಗೊತ್ತೇ? ಅಗಸೆ! ಉತ್ತರ ಕರ್ನಾಟಕದ ಅಡುಗೆಮನೆಯಲ್ಲಿ ರೊಟ್ಟಿಯ ಜೊತೆ ಬಡಿಸುವ ಅಗಸೆ ಚಟ್ನಿಪುಡಿ ಆಗುವುದು ಅದರ ಬೀಜದಿಂದ. ನಾವು ಬೀಜಕ್ಕೆಂದು ಬೆಳೆಯುತ್ತೇವೆ, ಯುರೋಪಿನವರು ಕಾಂಡದ ನಾರಿಗೆಂದೂ ಬೆಳೆಯುತ್ತಿದ್ದರು.

ಆ ನಾರು ಕಾಂಡದೊಳಗೆ ಒಂದು ಬಗೆಯ ಅಂಟಿನಿಂದ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಅದನ್ನು ಬಿಡಿಸುವ ಕೆಲಸ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳದ್ದು. ಕಾಂಡಗಳನ್ನು ಕೆರೆಯ ನೀರಿನಲ್ಲಿ ನೆನೆಹಾಕಿದರೆ ಅವು ಬಂದು ಅಂಟನ್ನು ತಿಂದು ಮುಗಿಸುತ್ತವೆ, ನಾರನ್ನು ಮಾತ್ರ ಬಿಡುತ್ತವೆ. ನಮ್ಮ ಹಳ್ಳಿಗಳಲ್ಲಿ ಪುಂಡಿಯ ಕಟ್ಟುಗಳನ್ನು ಹಳ್ಳದ ನೀರಿನಲ್ಲಿ ಮುಳುಗಿಸಿಟ್ಟು, ಕೊಳೆತ ಮೇಲೆ ಹಗ್ಗಕ್ಕೆ ನಾರು ಸುಲಿಯುವುದರ ಬಗ್ಗೆ ನಿಮ್ಮ ತಾತನನ್ನು ಕೇಳಿ ನೋಡಿ. ವಿದ್ಯೆ ಎರಡೂ ಕಡೆ ಒಂದೇ.

ಮೈಗೆ ತಾಗುವ ಬಟ್ಟೆಗೆ ಲಿನನ್ನೇ ಏಕೆ? ಅದು ಬೆವರನ್ನು ಬೇಗ ಹೀರುತ್ತದೆ, ಬೇಗ ಒಣಗುತ್ತದೆ. ಒದ್ದೆಯಾದಾಗ ಇನ್ನೂ ಗಟ್ಟಿಯಾಗುತ್ತದೆ. ಕುದಿಯುವ ನೀರು, ಬೂದಿಯ ಕ್ಷಾರದ ನೀರು, ಬಡಿತ ಎಲ್ಲವನ್ನೂ ತಾಳಿಕೊಳ್ಳುತ್ತದೆ. ಹೊರಗಿನ ರೇಷ್ಮೆಯ ಉಡುಪಿಗೆ ಇದರಲ್ಲಿ ಒಂದನ್ನೂ ತಾಳುವ ಶಕ್ತಿಯಿಲ್ಲ. ಹಾಗಾಗಿ ಬೆವರನ್ನು ಒಳಂಗಿ ತಾನೇ ಕುಡಿದು, ತಾನೇ ಒಗೆಸಿಕೊಂಡು, ಹೊರಗಿನದನ್ನು ಕಾಯುತ್ತಿತ್ತು. ಬೇಕಾದರೆ ಒಂದು ಲೋಟಕ್ಕೆ ಮಸಿ ಬೆರೆಸಿದ ನೀರು ಹಾಕಿ, ಹಳೆಯ ಹತ್ತಿ ಬಟ್ಟೆಯ ಪಟ್ಟಿಯೊಂದನ್ನೂ ನೈಲಾನ್ ಪಟ್ಟಿಯೊಂದನ್ನೂ ತುದಿ ಮುಳುಗುವಂತೆ ಇಳಿಬಿಡಿ. ಹತ್ತಿಯಲ್ಲಿ ನೀರು ತಾನಾಗಿ ಮೇಲಕ್ಕೆ ಏರುತ್ತದೆ. ಎಳೆಗಳ ನಡುವಿನ ಕಿರಿದಾದ ಸಂದಿಗಳೇ ಅದಕ್ಕೆ ದಾರಿ. ಎರಡು ಪಟ್ಟಿಗಳಲ್ಲಿ ಎಷ್ಟು ಎತ್ತರ ಏರಿತು ಎಂದು ಅಡಿಪಟ್ಟಿಯಲ್ಲಿ ಅಳೆದು ಬರೆದುಕೊಳ್ಳಿ.

ಇನ್ನು ಕತ್ತರಿಸುವುದು. ಬಟ್ಟೆ ಆಗ ಬಹಳ ದುಬಾರಿ. ನೂಲುವುದೂ ನೇಯುವುದೂ ಎಷ್ಟು ಕಷ್ಟ ಎಂದು ಬಲ್ಲವರು ಒಂದು ಚೂರನ್ನೂ ಬಿಸಾಡುತ್ತಿರಲಿಲ್ಲ. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿ ಇರುವ ಅಂಗಿಯನ್ನು, ಒಂದು ಚೂರೂ ಉಳಿಯದಂತೆ, ಆಯತಾಕಾರದ ಬಟ್ಟೆಯಿಂದ ಕತ್ತರಿಸಬೇಕು. ಹೇಗೆ? ಓದುವುದನ್ನು ನಿಲ್ಲಿಸಿ ಒಂದು ನಿಮಿಷ ಯೋಚಿಸಿ.

ಪತ್ರಿಕೆಯ ಹಾಳೆಯಿಂದ 20 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಉದ್ದದ ಒಂದು ಆಯತ ಕತ್ತರಿಸಿಕೊಳ್ಳಿ. ಮೇಲಿನ ಅಂಚಿನಲ್ಲಿ ಎಡ ಮೂಲೆಯಿಂದ 4 ಸೆಂಟಿಮೀಟರ್ ಒಳಗೆ ಒಂದು ಚುಕ್ಕಿ ಇಡಿ. ಎಡ ಬದಿಯ ಅಂಚಿನಲ್ಲಿ ಮೇಲಿನಿಂದ 15 ಸೆಂಟಿಮೀಟರ್ ಕೆಳಗೆ, ಅಂದರೆ ಸರಿಯಾಗಿ ನಡುವೆ, ಇನ್ನೊಂದು ಚುಕ್ಕಿ. ಎರಡನ್ನೂ ಓರೆಗೆರೆಯಿಂದ ಸೇರಿಸಿ ಕತ್ತರಿಸಿ. ಒಂದು ತೆಳ್ಳನೆಯ ತ್ರಿಕೋನ ಕೈಗೆ ಬಂತು. ಅದನ್ನು ಮೇಜಿನ ಮೇಲೆ ಇಟ್ಟಹಾಗೆಯೇ ಅರ್ಧ ಸುತ್ತು ತಿರುಗಿಸಿ, ಮೇಲಿದ್ದ ಅಗಲದ ಭಾಗ ಕೆಳಗೆ ಬರಲಿ. ಈಗ ಹಾಳೆಯ ಅದೇ ಎಡ ಬದಿಯ ಕೆಳ ಅರ್ಧಕ್ಕೆ ಅದನ್ನು ತಾಗಿಸಿ ಅಂಟಿಸಿ. ಬಲಗಡೆಗೂ ಹೀಗೇ ಮಾಡಿ.

ನೋಡಿದಿರಾ! ಮೇಲೆ 12 ಸೆಂಟಿಮೀಟರ್, ನಡುವೆ 20, ಕೆಳಗೆ 28. ಬದಿಯ ಗೆರೆ ಎಲ್ಲೂ ಮುರಿಯದೆ ಒಂದೇ ಓರೆಯಲ್ಲಿ ಇಳಿದು ಬಂದಿದೆ. ನೆಲದ ಮೇಲೆ ಒಂದು ಚೂರು ಕಾಗದವೂ ಬಿದ್ದಿಲ್ಲ. ಮೊದಲಿನ ಆಯತದ ವಿಸ್ತೀರ್ಣ 20 ಗುಣಿಸು 30, ಅಂದರೆ 600 ಚದರ ಸೆಂಟಿಮೀಟರ್. ಈಗಿನ ಆಕಾರದ ವಿಸ್ತೀರ್ಣ ಎಷ್ಟಿರಬಹುದು, ಲೆಕ್ಕ ಹಾಕದೆಯೇ ಹೇಳಬಲ್ಲಿರಿ. ನಕ್ಷೆ, ಕಂಪ್ಯೂಟರ್ ಯಾವುದೂ ಇಲ್ಲದೆ ಮನೆಯ ಹೆಂಗಸರು ಕಂಡುಕೊಂಡಿದ್ದ ರೇಖಾಗಣಿತ ಇದು. ನನಗಂತೂ ಇದನ್ನು ಎಷ್ಟು ಸಲ ಕತ್ತರಿಸಿದರೂ ಖುಷಿ ತೀರುವುದಿಲ್ಲ.

ಈ ಅಂಗಿಗೆ ತೋಳು ಜೋಡಿಸುವಾಗ ಇನ್ನೊಂದು ಜಾಣತನವಿದೆ. ನೀವು ಶಾಲೆಯ ಅಂಗಿ ತೊಟ್ಟು, ಅದನ್ನು ಚಡ್ಡಿ ಅಥವಾ ಲಂಗದೊಳಗೆ ಸಿಕ್ಕಿಸಿ, ಎರಡೂ ಕೈ ಮೇಲಕ್ಕೆ ಎತ್ತಿ. ಅಂಗಿ ಪೂರ್ತಿ ಮೇಲೆ ಬಂತು, ಅಲ್ಲವೇ? ತೋಳು ಎತ್ತಿದಾಗ ಕಂಕುಳಿಂದ ಸೊಂಟದವರೆಗಿನ ದಾರಿ ಉದ್ದವಾಗುತ್ತದೆ, ಬಟ್ಟೆ ಸಾಲದೆ ಹೋಗುತ್ತದೆ. ಶಿಫ್ಟ್ ಹೊಲಿಯುವವರು ಕಂಕುಳಿಗೆ ಅಂಗೈಯಷ್ಟು ಅಗಲದ ಒಂದು ಚೌಕ ತುಂಡು ಸೇರಿಸುತ್ತಿದ್ದರು. ಅದರ ಒಂದು ಮೂಲೆ ತೋಳಿನ ಕೆಳಗಿನ ಹೊಲಿಗೆಗೆ, ಎದುರಿನ ಮೂಲೆ ಪಕ್ಕದ ಹೊಲಿಗೆಗೆ. ಕೈ ಇಳಿಸಿದಾಗ ಅದು ಮಡಿಚಿಕೊಂಡು ಕಾಣದಂತಿರುತ್ತದೆ, ಎತ್ತಿದಾಗ ಬಿಚ್ಚಿಕೊಳ್ಳುತ್ತದೆ.

ಆ ಚೌಕವನ್ನು ಮೂಲೆಯ ಮೇಲೆ ನಿಲ್ಲಿಸುವುದೇಕೆ? ಕರವಸ್ತ್ರ ತೆಗೆಯಿರಿ. ಎದುರು ಬದುರು ಅಂಚುಗಳನ್ನು ಹಿಡಿದು ಎಳೆಯಿರಿ. ಹೆಚ್ಚು ಹಿಗ್ಗುವುದಿಲ್ಲ. ಈಗ ಎದುರು ಬದುರು ಮೂಲೆಗಳನ್ನು ಹಿಡಿದು ಎಳೆಯಿರಿ. ಎಷ್ಟು ಹಿಗ್ಗಿತು! ಬಟ್ಟೆಯಲ್ಲಿ ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು ಎಂದು ಎರಡು ಬಗೆಯ ಎಳೆಗಳಿರುತ್ತವೆ. ಅವು ಒಂದನ್ನೊಂದು ದಾಟುವಲ್ಲಿ ಪುಟ್ಟ ಪುಟ್ಟ ಚೌಕಗಳಾಗುತ್ತವೆ. ಅಂಚು ಹಿಡಿದು ಎಳೆದಾಗ ನೀವು ಎಳೆಯನ್ನೇ ಎಳೆಯುತ್ತೀರಿ, ಅದು ಹೆಚ್ಚು ಹಿಗ್ಗುವುದಿಲ್ಲ. ಮೂಲೆ ಹಿಡಿದು ಎಳೆದಾಗ ಎಳೆಗಳು ಹಾಗೇ ಇದ್ದು ಚೌಕಗಳು ಮಾತ್ರ ವಾಲುತ್ತವೆ. ಕಂಕುಳಲ್ಲಿ ಬೇಕಾದದ್ದು ಈ ವಾಲುವ ಗುಣವೇ.

ಹೊಲಿಗೆಯೆಲ್ಲ ಕೈಯಲ್ಲೇ. ಎಲಿಯಾಸ್ ಹೋವ್ ಅಮೆರಿಕದಲ್ಲಿ ತನ್ನ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1846ರಲ್ಲಿ. ಅದಕ್ಕೂ ಮೊದಲಿನ ಇವರಿಗೆ ಸೂಜಿಯೇ ಗತಿ. ಹೊಲಿಗೆಯ ಅಂಚಿನಿಂದ ಎಳೆ ಕಿತ್ತು ಬರದಂತೆ ಎರಡೂ ಅಂಚುಗಳನ್ನು ಒಂದರೊಳಗೊಂದು ಮಡಿಚಿ ಹೊಲಿಯುತ್ತಿದ್ದರು. ಈಗಿನ ಜೀನ್ಸ್ ಪ್ಯಾಂಟಿನ ಕಾಲನ್ನು ಒಳಹೊರಗು ಮಾಡಿ ನೋಡಿದರೆ ಅದೇ ಮಡಿಕೆ ಕಾಣುತ್ತದೆ. ಜೇನ್ ಆಸ್ಟೆನ್ ಕೂಡ ಮನೆಯವರಿಗೆ ಅಂಗಿ ಹೊಲಿಯುತ್ತಿದ್ದರು. ಅಣ್ಣ ಎಡ್ವರ್ಡನ ಅಂಗಿಗಳನ್ನು ಎಲ್ಲರೂ ಕೂತು ಹೊಲಿಯುವಾಗ ತನ್ನ ಹೊಲಿಗೆಯೇ ಎಲ್ಲರಿಗಿಂತ ಅಚ್ಚುಕಟ್ಟು ಎಂದು 1796ರ ಒಂದು ಪತ್ರದಲ್ಲಿ ಹೆಮ್ಮೆಯಿಂದ ಬರೆದಿದ್ದಾರೆ.

ಇಷ್ಟು ಕಷ್ಟಪಟ್ಟು ಹೊಲಿದ ಒಳಂಗಿಗಳು ಎಲ್ಲಿ ಹೋದವು? ಹರಿದ ಮೇಲೆ ಮಗುವಿನ ಬಟ್ಟೆಯಾದವು. ಅದೂ ಹರಿದ ಮೇಲೆ ಚಿಂದಿ ಕೊಳ್ಳುವವನಿಗೆ ಹೋದವು. ಅವನು ಅವನ್ನು ಕಾಗದದ ಗಿರಣಿಗೆ ಮಾರಿದ. ಆ ಕಾಲದಲ್ಲಿ ಯುರೋಪಿನ ಕಾಗದ ಆಗುತ್ತಿದ್ದದ್ದು ಲಿನನ್ ಮತ್ತು ಹತ್ತಿಯ ಚಿಂದಿಯಿಂದ. ಮರದ ತಿರುಳಿನ ಕಾಗದ ಎಲ್ಲೆಡೆ ಹರಡಿದ್ದು 19ನೆಯ ಶತಮಾನದ ಉತ್ತರಾರ್ಧದಲ್ಲಿ. ಜೇನ್ ಆಸ್ಟೆನ್ ಅವರ ‘ಪ್ರೈಡ್ ಅಂಡ್ ಪ್ರಿಜುಡಿಸ್’ 1813ರಲ್ಲಿ ಅಚ್ಚಾದಾಗ ಅದರ ಪುಟಗಳು ಯಾರದೋ ಹಳೆಯ ಅಂಗಿಗಳಿಂದಲೇ ಬಂದಿದ್ದವು. ಒಳಂಗಿಗಳು ಪುಸ್ತಕವಾಗಿ ಕಪಾಟು ಸೇರಿದವು!

ಅಲ್ಲೊಂದು ಇಲ್ಲೊಂದು ಉಳಿದುಕೊಂಡ ಶಿಫ್ಟ್ ಮಾತ್ರ ಬಹಳ ಮಾತಾಡುತ್ತದೆ. ಅದರ ಎದೆಯ ಸೀಳಿನ ಹತ್ತಿರವೋ ಬೇರೆಲ್ಲೋ, ಗುಣಾಕಾರದ ಗುರುತಿನಂಥ ಅಡ್ಡಹೊಲಿಗೆಯಲ್ಲಿ ಎರಡು ಪುಟ್ಟ ಅಕ್ಷರಗಳು, ಪಕ್ಕದಲ್ಲಿ ಒಂದು ಅಂಕೆ ಇರುತ್ತದೆ. ಅಕ್ಷರ ಒಡತಿಯ ಹೆಸರಿನದು, ಅಗಸರ ಮನೆಯಲ್ಲಿ ಕಳೆದುಹೋಗದಿರಲಿ ಎಂದು. ಅಂಕೆ ಏಕೆ? ಎಲ್ಲ ಅಂಗಿಗಳನ್ನೂ ಸರದಿಯ ಪ್ರಕಾರ ತೊಟ್ಟು, ಎಲ್ಲವೂ ಸಮನಾಗಿ ಸವೆಯಲಿ ಎಂದು. ಈಗ ನೀವೇ ಪತ್ತೇದಾರರಾಗಿ. ಒಂದು ಅಂಗಿಯ ಮೇಲೆ 12 ಎಂದಿದ್ದರೆ ಏನು ತಿಳಿಯಿತು? ಅವಳ ಹತ್ತಿರ ಕಡಿಮೆಯೆಂದರೂ ಅಂಥ ಹನ್ನೆರಡು ಅಂಗಿ ಇದ್ದವು. ಸಂಗ್ರಹಾಲಯದಲ್ಲಿ ಇರುವುದು ಒಂದೇ. ಕಾಣೆಯಾದ ಹನ್ನೊಂದರ ಸುದ್ದಿಯನ್ನೂ ಅದು ಹೇಳಿತು.

ಇನ್ನು ಸ್ಟೇಸ್ ಎಂಬ ಗಟ್ಟಿ ಕುಪ್ಪಸ. ಇದರ ಬಗ್ಗೆ ಸಿನಿಮಾಗಳು ಹುಟ್ಟಿಸಿದ ಒಂದು ನಂಬಿಕೆ ಇದೆ: ಹೆಂಗಸು ಕಂಬ ಹಿಡಿದು ನಿಂತಿರುತ್ತಾಳೆ, ಹಿಂದಿನಿಂದ ಇನ್ನೊಬ್ಬಳು ದಾರ ಬಿಗಿದು ಬಿಗಿದು ಎಳೆಯುತ್ತಾಳೆ, ಉಸಿರು ಕಟ್ಟುತ್ತದೆ. 1810ರ ಸುಮಾರಿನ ಸ್ಟೇಸ್ ಹಾಗಿರಲಿಲ್ಲ. ಅದನ್ನು ಹೇಳುವ ಸಾಕ್ಷಿ ಪುಸ್ತಕದಲ್ಲಿ ಮಾತ್ರವಲ್ಲ, ಕುಪ್ಪಸದ ಬೆನ್ನಿನ ತೂತುಗಳಲ್ಲೇ ಇದೆ.

ದಾರ ಪೋಣಿಸುವ ಆ ತೂತುಗಳಿಗೆ ಇಂದಿನ ಶೂಗಳಿಗಿರುವಂತೆ ಲೋಹದ ಬಳೆ ಇರಲಿಲ್ಲ. ಆ ಬಳೆಗಳು ಬರತೊಡಗಿದ್ದು 1820ರ ದಶಕದ ಕೊನೆಗೆ. ಅದಕ್ಕೆ ಮುಂಚೆ ಬಟ್ಟೆಯನ್ನು ಚೂಪಾದ ದಬ್ಬಳದಿಂದ ಚುಚ್ಚಿ, ಸುತ್ತ ದಾರದಿಂದ ಹೊಲಿಯುತ್ತಿದ್ದರು. ಸಡಿಲ ನೇಯ್ಗೆಯ ಬಟ್ಟೆಯೊಂದಕ್ಕೆ ಪೆನ್ಸಿಲಿನ ಮೊನೆಯನ್ನು ಮೆಲ್ಲಗೆ ತಿರುಗಿಸುತ್ತ ಚುಚ್ಚಿ ನೋಡಿ. ಎಳೆಗಳು ಕಡಿಯುವುದಿಲ್ಲ, ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ. ಕತ್ತರಿಯಿಂದ ಕತ್ತರಿಸಿದ ತೂತಿಗಿಂತ ಇದು ಬಹಳ ಗಟ್ಟಿ. ಹಾಗಿದ್ದರೂ ಮೈಯ ಆಕಾರವನ್ನೇ ಬದಲಿಸುವಷ್ಟು ಜೋರಾಗಿ ದಿನವೂ ಎಳೆದರೆ ದಾರದ ತೂತು ಹಿಗ್ಗಿ ಹರಿಯುತ್ತದೆ. ಉಳಿದಿರುವ ಸ್ಟೇಸ್‌ಗಳಲ್ಲಿ ದುಂಡಗೆ ಇರುವ ತೂತು ಕಂಡರೆ, ಹೆಚ್ಚು ಬಿಗಿದಿರಲಾರರು ಎಂದು ಊಹಿಸಬಹುದು. ಒಂದು ಪುಟ್ಟ ತೂತು ದೊಡ್ಡದೊಂದು ಕಥೆಯನ್ನು ಸುಳ್ಳು ಮಾಡುತ್ತದೆ. ಇಂಥ ಸಾಕ್ಷಿ ಸಿಕ್ಕಾಗ ಆಗುವ ಸಂತೋಷವೇ ಬೇರೆ.

ಕುಪ್ಪಸ ನೆಟ್ಟಗೆ ನಿಲ್ಲಲು ಎದೆಯ ನಡುವೆ ಒಂದು ಉದ್ದ ಚೀಲದಂಥ ಸೀಳು ಇರುತ್ತಿತ್ತು. ಅದರೊಳಗೆ ಶಾಲೆಯ ಮರದ ಅಡಿಪಟ್ಟಿಯಂಥ ಒಂದು ಪಟ್ಟಿಯನ್ನು ಇಳಿಸುತ್ತಿದ್ದರು. ಅದರ ಹೆಸರು ಬಸ್ಕ್. ಮರದ್ದು, ಮೂಳೆಯದ್ದು, ಕೆಲವು ದಂತದ್ದು. ಒಗೆಯುವಾಗ ತೆಗೆದಿಡಬಹುದು. ಕುಪ್ಪಸದ ಬೇರೆ ಭಾಗಗಳಲ್ಲಿ ಎರಡು ಪದರ ಬಟ್ಟೆಯ ನಡುವೆ ಹತ್ತಿಯ ಹುರಿ ಇಟ್ಟು ಪಕ್ಕಪಕ್ಕದಲ್ಲೇ ಹೊಲಿದರೆ ಸಾಕು, ಬಟ್ಟೆ ಬಿರುಸಾಗುತ್ತದೆ, ಆದರೂ ಮೈ ಬಾಗಿದಂತೆ ಬಾಗುತ್ತದೆ.

ಇನ್ನೂ ಬಿರುಸು ಬೇಕಾದಲ್ಲಿ ತಿಮಿಂಗಿಲದ ಪಟ್ಟಿ ಹಾಕುತ್ತಿದ್ದರು. ಅದನ್ನು ತಿಮಿಂಗಿಲದ ಮೂಳೆ ಎಂದು ಕರೆದರೂ ಅದು ಮೂಳೆಯಲ್ಲ. ಹಲ್ಲಿಲ್ಲದ ತಿಮಿಂಗಿಲಗಳ ಬಾಯಿಯಲ್ಲಿ, ಮೇಲ್ದವಡೆಯಿಂದ ಜೋತುಬಿದ್ದು, ಸಮುದ್ರದ ನೀರಿನಿಂದ ಸಣ್ಣ ಜೀವಿಗಳನ್ನು ಸೋಸುವ ಫಲಕಗಳವು. ನಿಮ್ಮ ಉಗುರು, ಕೂದಲು ಯಾವ ಪದಾರ್ಥದಿಂದ ಆಗಿವೆಯೋ ಅದರಿಂದಲೇ ಅವೂ ಆಗಿವೆ. ಅದರ ಹೆಸರು ಕೆರಾಟಿನ್. ಸ್ನಾನವಾದ ಮೇಲೆ ಉಗುರು ಮೆತ್ತಗಾಗುವುದನ್ನು ಗಮನಿಸಿದ್ದೀರಲ್ಲ? ಆ ಫಲಕವೂ ಮೈಯ ಬಿಸಿಗೆ, ಬೆವರಿಗೆ ಕೊಂಚ ಮೆತ್ತಗಾಗಿ, ತೊಟ್ಟವಳ ಆಕಾರಕ್ಕೇ ಬಾಗಿ ಕೂರುತ್ತಿತ್ತು. ಇದಕ್ಕಾಗಿ ಎಷ್ಟೋ ತಿಮಿಂಗಿಲಗಳು ಸತ್ತವು, ಅದು ದುಃಖದ ಸಂಗತಿ. ವ್ಯಾಪಾರಕ್ಕಾಗಿ ತಿಮಿಂಗಿಲ ಬೇಟೆಯಾಡುವುದಕ್ಕೆ 1986ರಿಂದ ಅಂತರರಾಷ್ಟ್ರೀಯ ತಡೆ ಇದೆ. ಇಂದು ಸ್ಟೇಸ್ ಹೊಲಿಯುವವರು ಅದೇ ಗುಣದ ಪ್ಲಾಸ್ಟಿಕ್ ಪಟ್ಟಿ ಬಳಸುತ್ತಾರೆ.

ಈಗ ಹೊರಗಿನ ನಿಲುವಂಗಿ. ಇಲ್ಲಿ ನಮ್ಮ ನಾಡಿನ ಕಡೆಯವರು ಕಥೆಯೊಳಗೆ ಬರುತ್ತಾರೆ. ಆ ಕಾಲದ ಇಂಗ್ಲೆಂಡಿನ ಅತಿ ಮೆಚ್ಚಿನ ಬಟ್ಟೆ ಮಸ್ಲಿನ್, ನಾವು ಮಲ್ಮಲ್ ಎನ್ನುವ ತೆಳು ಹತ್ತಿಬಟ್ಟೆ. ಅದರಲ್ಲಿ ಎಲ್ಲಕ್ಕಿಂತ ನವುರಾದದ್ದು ಬಂಗಾಳದ ಢಾಕಾದಿಂದ ಹೋಗುತ್ತಿತ್ತು. ಮೇಘನಾ ನದಿಯ ದಡದಲ್ಲಿ ಬೆಳೆಯುತ್ತಿದ್ದ ಫುಟಿ ಕರ್ಪಾಸ್ ಎಂಬ ಹತ್ತಿಯಿಂದ ಅದರ ನೂಲು ಆಗುತ್ತಿತ್ತು. ಹೆಂಗಸರು ಅದನ್ನು ಬೆಳಗಿನ ಹೊತ್ತು, ಗಾಳಿಯಲ್ಲಿ ತೇವವಿರುವಾಗ ನೂಲುತ್ತಿದ್ದರು. ಏಕೆಂದರೆ ಹತ್ತಿಯ ಎಳೆ ತೇವದಲ್ಲಿ ಹೆಚ್ಚು ಗಟ್ಟಿ, ಒಣ ಗಾಳಿಯಲ್ಲಿ ಬೇಗ ತುಂಡಾಗುತ್ತದೆ. ಇಂಗ್ಲೆಂಡಿನ ಸ್ಯಾಮ್ಯುಯೆಲ್ ಕ್ರಾಂಪ್ಟನ್ 1779ರಲ್ಲಿ ತೆಳುವಾದ ನೂಲು ತೆಗೆಯುವ ಯಂತ್ರ ಮಾಡಿದ ಮೇಲೆ ಅಲ್ಲಿನವರೇ ಮಸ್ಲಿನ್ ನೇಯತೊಡಗಿದರು. ಬಂಗಾಳದ ನೂಲುವವರ, ನೇಕಾರರ ಬದುಕು ಕುಸಿಯಿತು, ಫುಟಿ ಕರ್ಪಾಸ್ ಬೆಳೆಯೂ ಹೋಯಿತು. ಈಗ ಬಾಂಗ್ಲಾದೇಶದಲ್ಲಿ ಆ ಗಿಡವನ್ನು ಹುಡುಕಿ, ಬೆಳೆಸಿ, ಮತ್ತೆ ನೂಲುವ ಪ್ರಯತ್ನ ನಡೆದಿದೆ. ಒಂದು ಉಡುಪನ್ನು ಮತ್ತೆ ಮಾಡಲು ಹೊರಟರೆ ಕೆಲವೊಮ್ಮೆ ಗಿಡದಿಂದಲೇ ಶುರು ಮಾಡಬೇಕಾಗುತ್ತದೆ.

ಸಂಗ್ರಹಾಲಯದಲ್ಲಿ ಹಳೆಯ ಉಡುಪನ್ನು ನೋಡಲು ಹೋದವರು ಏನು ಮಾಡುತ್ತಾರೆ? ಮೊದಲಿಗೆ ಕೈ ತೊಳೆಯುತ್ತಾರೆ. ಕೋಣೆಯಲ್ಲಿ ಬೆಳಕು ಮಂದ, ಬಟ್ಟೆಗಳಿಗೆ ಸಾಮಾನ್ಯವಾಗಿ 50 ಲಕ್ಸ್ ಮೀರಬಾರದು ಎಂಬ ಕಟ್ಟಳೆ ಇದೆ. ಬೆಳಕು ಬಣ್ಣವನ್ನು ತಿನ್ನುತ್ತದೆ. ಬಣ್ಣದ ಕಾಗದದ ಮೇಲೆ ಒಂದು ನಾಣ್ಯ ಇಟ್ಟು ಕಿಟಕಿಯ ಬಿಸಿಲಿನಲ್ಲಿ ಕೆಲವು ವಾರ ಬಿಡಿ, ನಾಣ್ಯದಡಿ ಹಳೆಯ ಬಣ್ಣ ಹಾಗೇ ಇರುತ್ತದೆ. ಉಡುಪಿನಲ್ಲಿ ನಾಣ್ಯದ ಕೆಲಸ ಮಾಡುವುದು ಹೊಲಿಗೆಯ ಒಳ ಮಡಿಕೆ. ಹೊರಗೆ ಮಾಸಿದ ಕಂದು ಕಂಡರೂ, ಮಡಿಕೆಯನ್ನು ಕೊಂಚ ಸರಿಸಿ ನೋಡಿದರೆ ಇನ್ನೂರು ವರ್ಷದ ಹಿಂದಿನ ತಾಜಾ ಬಣ್ಣ ಕಾಣುತ್ತದೆ.

ಆಮೇಲೆ ಭೂತಗನ್ನಡಿ. ಎಳೆ ಯಾವುದೆಂದು ಸೂಕ್ಷ್ಮದರ್ಶಕ ಹೇಳುತ್ತದೆ: ಹತ್ತಿಯ ಎಳೆ ಚಪ್ಪಟೆಯಾಗಿ ತಿರುಚಿಕೊಂಡಿರುತ್ತದೆ, ಅಗಸೆಯ ನಾರಿನಲ್ಲಿ ಅಲ್ಲಲ್ಲಿ ಗೆಣ್ಣು, ಉಣ್ಣೆಯ ಮೇಲೆ ಹುರುಪೆ, ರೇಷ್ಮೆ ನುಣುಪು. ದಾರವೇ ಇಲ್ಲದ ಸೂಜಿತೂತುಗಳ ಸಾಲು ಕಂಡರೆ, ಅಲ್ಲಿ ಒಮ್ಮೆ ಹೊಲಿಗೆ ಇತ್ತು, ಯಾರೋ ಬಿಚ್ಚಿ ಸಡಿಲ ಮಾಡಿದ್ದಾರೆ ಎಂದರ್ಥ. ಅಕ್ಕನ ಉಡುಪು ತಂಗಿಗೆ ಬಂದಿರಬಹುದು. ಹೆಗಲ ಹತ್ತಿರ ಬಿಡಿ ತೂತುಗಳಿದ್ದರೆ ಅಲ್ಲಿ ಗುಂಡುಸೂಜಿ ಚುಚ್ಚುತ್ತಿದ್ದರು. ಆ ಕಾಲದ ಕೆಲವು ನಿಲುವಂಗಿಗಳ ಎದೆಯ ಭಾಗ ಬಾಗಿಲಿನ ಹಾಗೆ ಕೆಳಗೆ ಇಳಿಯುತ್ತಿತ್ತು, ಅದನ್ನು ಎತ್ತಿ ಹೆಗಲಿಗೆ ಸೂಜಿಯಿಂದ ಸಿಕ್ಕಿಸುತ್ತಿದ್ದರು.

ಹೀಗೆ ನೋಡಿದ್ದನ್ನೆಲ್ಲ ಅಳೆದು ಬರೆದಿಟ್ಟವರಲ್ಲಿ ಜಾನೆಟ್ ಆರ್ನಾಲ್ಡ್ ದೊಡ್ಡ ಹೆಸರು. ಒಂದು ಹೊಲಿಗೆಯನ್ನೂ ಬಿಚ್ಚದೆ, ಪ್ರತಿ ತುಂಡಿನ ಅಳತೆ ತೆಗೆದು, ಎಂಟರಲ್ಲಿ ಒಂದು ಪಾಲಿಗೆ ಇಳಿಸಿ ಚೌಕಳಿ ಕಾಗದದ ಮೇಲೆ ನಕ್ಷೆ ಬರೆದರು. 1964ರಲ್ಲಿ ಬಂದ ಅವರ ಪುಸ್ತಕವನ್ನು ತೆರೆದಿಟ್ಟುಕೊಂಡು ಇಂದಿಗೂ ಜನ ಹೊಲಿಯುತ್ತಾರೆ. ಹಿಲರಿ ಡೇವಿಡ್‌ಸನ್ ಎಂಬ ಇನ್ನೊಬ್ಬ ವಿದುಷಿ, ಇಂಗ್ಲೆಂಡಿನ ಹ್ಯಾಂಪ್‌ಷೈರಿನಲ್ಲಿರುವ ಒಂದು ಕಂದು ರೇಷ್ಮೆಯ ಮೇಲಂಗಿಯ ನಕ್ಷೆ ತೆಗೆದು ಅದನ್ನೇ ಹೋಲುವ ಇನ್ನೊಂದನ್ನು ಹೊಲಿದರು. ಅದರ ತುಂಬ ಓಕ್ ಮರದ ಪುಟ್ಟ ಎಲೆಗಳು. ಅದು ಜೇನ್ ಆಸ್ಟೆನ್ ಅವರದೇ ಎಂದು ಅವರ ಮನೆತನದವರು ಹೇಳಿಕೊಂಡು ಬಂದಿದ್ದಾರೆ. ಹೊಲಿದ ಅಂಗಿಯ ಅಳತೆಯಿಂದ, ಅದನ್ನು ತೊಟ್ಟವರು ತೆಳ್ಳಗೆ, ಎತ್ತರವಾಗಿ, ಸುಮಾರು 5 ಅಡಿ 6 ಅಂಗುಲದಿಂದ 5 ಅಡಿ 8 ಅಂಗುಲ ಇದ್ದಿರಬೇಕು ಎಂದು ತಿಳಿಯಿತು. ಈ ಸುದ್ದಿಯನ್ನು ಕೊಟ್ಟದ್ದು ಬಟ್ಟೆ.

ಮತ್ತೆ ಹೊಲಿಯುವವರು ಮೊದಲು ಅಗ್ಗದ ಕೋರಾ ಬಟ್ಟೆಯಲ್ಲಿ ಒಂದು ಮಾದರಿ ಮಾಡಿ ನೋಡುತ್ತಾರೆ. ಮತ್ತು ಯಾವಾಗಲೂ ಒಳಗಿನಿಂದ ಹೊರಕ್ಕೆ ಹೊಲಿಯುತ್ತ ಬರುತ್ತಾರೆ: ಶಿಫ್ಟ್, ಅದರ ಮೇಲೆ ಸ್ಟೇಸ್, ಸ್ಟೇಸ್ ತೊಟ್ಟ ಮೇಲೆ ನಿಲುವಂಗಿಯ ಅಳತೆ. ಇಂದಿನ ಒಳ ಉಡುಪಿನ ಮೇಲೆ ಅಂದಿನ ನಿಲುವಂಗಿ ತೊಟ್ಟರೆ ಎದೆಯ ಕೆಳಗಿನ ಆ ಸೊಂಟ ತನ್ನ ಜಾಗದಲ್ಲಿ ಕೂರುವುದೇ ಇಲ್ಲ, ನೆರಿಗೆ ಸೊರಗುತ್ತದೆ. ತೊಟ್ಟ ಮೇಲೆ ಇನ್ನಷ್ಟು ಪಾಠ. ಬಸ್ಕ್ ಇರುವುದರಿಂದ ನೆಲಕ್ಕೆ ಬಿದ್ದ ಚೆಂಡನ್ನು ಬೆನ್ನು ಬಗ್ಗಿಸಿ ಎತ್ತಲಾಗದು, ಮೊಣಕಾಲು ಮಡಿಚಿ ಕೂರಬೇಕು. ನಿಲುವಂಗಿಯ ಬೆನ್ನಿನ ತುಂಡು ಕಿರಿದು, ತೋಳುಗಳು ಹಿಂದಕ್ಕೆ ಕೂತಿರುತ್ತವೆ, ಹೆಗಲು ತಾನಾಗಿ ಹಿಂದೆ ಸರಿಯುತ್ತದೆ. ಹಳೆಯ ಚಿತ್ರಗಳಲ್ಲಿ ಎಲ್ಲರೂ ಏಕೆ ಅಷ್ಟು ನೆಟ್ಟಗೆ ಕೂತಿದ್ದಾರೆ ಎಂಬುದಕ್ಕೆ ಉತ್ತರ ಮೈಗೇ ಸಿಗುತ್ತದೆ.

ಕೊನೆಯದಾಗಿ ನಿಮ್ಮಷ್ಟೇ ಚಿಕ್ಕವಳೊಬ್ಬಳ ಪರಿಚಯ ಮಾಡಿಸಬೇಕು. ಬಾರ್ಬರಾ ಜಾನ್ಸನ್ ಎಂದು ಅವಳ ಹೆಸರು, ಪಾದ್ರಿಯೊಬ್ಬರ ಮಗಳು. 1746ರಲ್ಲಿ, ಎಂಟು ವರ್ಷದವಳಿದ್ದಾಗಿನ ತನ್ನ ಬಟ್ಟೆಯ ಚೂರಿನಿಂದ ಶುರುವಾಗಿ, ಹೊಸ ಉಡುಪು ಹೊಲಿಸಿದಾಗಲೆಲ್ಲ ಅದರ ಒಂದು ಚೂರನ್ನು ಹಳೆಯ ಲೆಕ್ಕದ ಪುಸ್ತಕವೊಂದರಲ್ಲಿ ಸಿಕ್ಕಿಸುತ್ತ ಬಂದಳು. ಪಕ್ಕದಲ್ಲಿ ವರ್ಷ, ಎಷ್ಟು ಗಜ, ಎಷ್ಟು ಬೆಲೆ, ಏನು ಹೊಲಿಸಿದ್ದು ಎಂದು ಬರೆದಳು. 1823ರವರೆಗೆ, ಅಜ್ಜಿಯಾಗುವ ವಯಸ್ಸಾದರೂ ಬಿಡಲಿಲ್ಲ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ ಇಂದು ಆ ಪುಸ್ತಕವನ್ನು ಜೋಪಾನವಾಗಿ ಇಟ್ಟಿದೆ.

ನೀವೂ ಒಂದು ನೋಟ್‌ಬುಕ್ ತೆಗೆದಿಡಿ. ಈ ಸಲ ಯೂನಿಫಾರ್ಮ್ ಹೊಲಿಸಲು ಹೋದಾಗ ಟೈಲರ್ ಅಂಗಡಿಯ ನೆಲದ ಮೇಲಿನ ಒಂದು ಚೂರು ಕೇಳಿ ತನ್ನಿ. ಹಬ್ಬದ ಬಟ್ಟೆಯದ್ದು ಮಾತ್ರ ಸಾಲದು, ಬನಿಯನ್ನು ಹರಿದಾಗ ಅದರದ್ದೂ ಒಂದು ಚೂರು ಇರಲಿ. ತಾರೀಕು, ಊರು, ಯಾರದು, ಎಷ್ಟು ಬಟ್ಟೆ ಹಿಡಿಯಿತು, ಎಷ್ಟು ದುಡ್ಡಾಯಿತು, ಇಷ್ಟನ್ನು ಪಕ್ಕದಲ್ಲಿ ಬರೆಯಿರಿ. ಅಜ್ಜಿಯ ಹಳೆಯ ಕುಪ್ಪಸವೇನಾದರೂ ಟ್ರಂಕಿನಲ್ಲಿ ಸಿಕ್ಕರೆ ಹೊಲಿಗೆ ಬಿಚ್ಚಬೇಡಿ. ಒಳಹೊರಗು ಮಾಡಿ ನೋಡಿ, ಟೇಪು ಹಿಡಿದು ಅಳೆಯಿರಿ, ಚೌಕಳಿ ಪುಸ್ತಕದಲ್ಲಿ ಚಿತ್ರ ಬರೆಯಿರಿ. ಅಜ್ಜಿ ಎದುರಿಗಿದ್ದರೆ ಅದನ್ನು ಹೊಲಿದದ್ದು ಯಾರು ಎಂದು ಇವತ್ತೇ ಕೇಳಿಬಿಡಿ.